ಕೊಟ್ಟಿದೆ ಸರಿ, ತಿಂದಿದೆಯಾ?

ಕುದುರೆ ಲಾಯದ ಫೀಡ್ ರೂಮಿನ, ಅಂದರೆ ಮೇವಿನ ಕೋಣೆಯ ಬಾಗಿಲ ಪಕ್ಕ ಒಂದು ವೈಟ್‌ಬೋರ್ಡ್ ಇತ್ತು. ಹೆಸರಿಗೆ ವೈಟ್, ಆದರೆ ಹುಲ್ಲಿನ ದೂಳು ಕೂತು ಕೂತು ಹಳೇ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ 23 ಸಾಲು, ಸಾಲಿಗೊಂದು ಕುದುರೆ. ಹೆಸರಿನ ಮುಂದೆ ತ್ರಿಕೋನ ಇದ್ದರೆ ಆ ಕುದುರೆಗೆ ಹುಲ್ಲು ನೆನೆಸಿ ಕೊಡಬೇಕು. ಎರಡು ಗೆರೆ ಎಳೆದಿದ್ದರೆ ಕುಂಟುತ್ತಿದೆ, ಬಯಲಿಗೆ ಬಿಡಬಾರದು. ಇನ್ನು ಕೆಲವು ಹೆಸರಿನ ಮುಂದೆ ಒಂದು ಸೊನ್ನೆ, ಸೊನ್ನೆಯೊಳಗೆ ಚುಕ್ಕೆ. ಅದೇನು ಅಂತ ಯಜಮಾನಿಯನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ಅದು ನನಗೆ" ಅಂತ ನಕ್ಕು ಸುಮ್ಮನಾಗುತ್ತಿದ್ದರು.

ಯಾರಾದರೂ ದಪ್ಪ ಜಾಕೆಟ್ ಹಾಕಿಕೊಂಡು ಆ ಬೋರ್ಡಿಗೆ ಒರಗಿದರೆ ಮುಗಿಯಿತು. ಮೂರು ಕುದುರೆಗಳ ರಾತ್ರಿ ಊಟ ಅವರ ತೋಳಿಗೆ ಅಂಟಿಕೊಂಡು ಹೋಗುತ್ತಿತ್ತು.

ನಾನಿರುವುದು ಇಂಗ್ಲೆಂಡಿನ ಶ್ರಾಪ್‌ಶೈರ್ ಕಡೆ. ಈ ಜಾಗಕ್ಕೆ ಇಲ್ಲಿ ಲಿವರಿ ಯಾರ್ಡ್ ಅಂತಾರೆ. ಹಾಗಂದರೆ ಏನು ಅಂತ ಊರಲ್ಲಿರುವ ಅಮ್ಮನಿಗೆ ಫೋನಲ್ಲಿ ಹೇಳಲು ಹೋಗಿ ಒದ್ದಾಡಿ, ಕೊನೆಗೆ "ಕುದುರೆಗಳ ಪಿಜಿ ಕಣಮ್ಮ" ಅಂದೆ. ತಕ್ಷಣ ಅರ್ಥವಾಯಿತು. "ಕುದುರೆಗೂ ಪಿಜೀನಾ? ಅಡ್ವಾನ್ಸ್ ಎಷ್ಟು ತಗೋತಾರೆ?" ಅಂದರು. ನಿಜಕ್ಕೂ ಅದು ಪಿಜಿಯೇ. ಕುದುರೆ ನಿಮ್ಮದು, ಜಾಗ ಅವರದು. ಬರೀ ಲಾಯ ಮತ್ತು ಮೇಯಲು ಬಯಲು ಸಾಕು, ಬೆಳಿಗ್ಗೆ ಸಂಜೆ ನಾನೇ ಬಂದು ಲದ್ದಿ ಎತ್ತಿ ಹುಲ್ಲು ಹಾಕುತ್ತೇನೆ ಅಂದರೆ ಡಿಐವೈ ಲಿವರಿ. ಅರ್ಧ ನೀವು, ಅರ್ಧ ಅವರು ಅಂದರೆ ಪಾರ್ಟ್. ಊಟ, ಸ್ನಾನ, ವ್ಯಾಯಾಮ ಎಲ್ಲಾ ಸೇರಿಸಿ ಫುಲ್. ನಮ್ಮ ಯಾರ್ಡಲ್ಲಿ ಮೂರೂ ಇವೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ನಮ್ಮದು ಕುಣಿಗಲ್ ಹತ್ತಿರದ ಹಳ್ಳಿ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಸ್ಟಡ್ ಫಾರ್ಮ್ ಇರುವ ಊರು ಅಂತ ಹೆಸರು, ಆದರೆ ನಾನು ಕುದುರೆ ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಇಲ್ಲಿಗೆ ಬಂದ ಮೇಲೆ ಮಗಳಿಗೆ ಸವಾರಿಯ ಹುಚ್ಚು ಹಿಡಿಯಿತು. ಬೇರೆಯವರ ಪೋನಿಯನ್ನು ವಾರಕ್ಕೆ ಮೂರು ದಿನ ಹಂಚಿಕೊಳ್ಳುವ ವ್ಯವಸ್ಥೆ ಇದೆ, ಅದಕ್ಕೆ ಸೇರಿಸಿದೆವು. ಕುದುರೆ ಕಂಡರೆ ಕಾಲುನೋವು ಅಂತ ಗಾದೆ ಇದೆಯಲ್ಲ, ನನ್ನದು ಉಲ್ಟಾ. ಕುದುರೆ ಕಂಡರೆ ಕಾಲು ಹಿಂದಕ್ಕೆ ಹೋಗುತ್ತಿತ್ತು. ಮಗಳು ಸವಾರಿ ಮಾಡುವಾಗ ನಾನು ಫೀಡ್ ರೂಮಲ್ಲಿ ಕಾಫಿ ಕುಡಿಯುತ್ತಾ ಆ ಬೋರ್ಡ್ ಓದುತ್ತಿದ್ದೆ. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ. ಬೋರ್ಡ್ ನೋಡಿದಾಗಲೆಲ್ಲ ಕೈ ಕಡಿಯುತ್ತಿತ್ತು. ಆದರೆ ಬಾಯಿ ಬಿಡಲಿಲ್ಲ.

2021ರ ಚಳಿಗಾಲದಲ್ಲಿ ಯಜಮಾನಿ ನಲ್ಲಿಯ ಹತ್ತಿರ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅರವತ್ತು ದಾಟಿದ ಗಟ್ಟಿ ಹೆಂಗಸು. ಒಂದು ವಾರ ಯಾರ್ಡಿಗೆ ಬರಲಿಲ್ಲ. ಉಳಿದದ್ದು ಹತ್ತೊಂಬತ್ತು ವರ್ಷದ ಒಬ್ಬ ಕೆಲಸದ ಹುಡುಗಿ, ನಾವು ನಾಲ್ಕೈದು ಗಿರಾಕಿಗಳು, ಮತ್ತೆ ಆ ಬೋರ್ಡ್. ತ್ರಿಕೋನ ಅಂದರೆ ಹುಲ್ಲು ನೆನೆಸು ಅಂತ ಎಲ್ಲರಿಗೂ ಗೊತ್ತಿತ್ತು. ಎಷ್ಟು ಹೊತ್ತು ಅಂತ ಬೋರ್ಡ್ ಹೇಳುತ್ತಿರಲಿಲ್ಲ. ದೂಳಿಗೆ ಕೆಮ್ಮುವ ಕುದುರೆಗೆ ಹತ್ತು ನಿಮಿಷ ಅದ್ದಿ ತೆಗೆದರೆ ಸಾಕು. ಲ್ಯಾಮಿನೈಟಿಸ್ ಇರುವ ಪೋನಿಗೆ, ಅಂದರೆ ಸಕ್ಕರೆ ಜಾಸ್ತಿ ಇರುವ ಹುಲ್ಲು ತಿಂದರೆ ಗೊರಸಿನ ಒಳಗೆ ಊದಿಕೊಂಡು ನಿಲ್ಲಲೂ ಆಗದಂತಾಗುವ ಕಾಯಿಲೆ ಇರುವ ಪೋನಿಗೆ, ಹುಲ್ಲಿನ ಸಕ್ಕರೆ ನೀರಿಗೆ ಬಿಡುವ ತನಕ ಗಂಟೆಗಟ್ಟಲೆ ನೆನೆಸಬೇಕು. ಎರಡಕ್ಕೂ ಒಂದೇ ತ್ರಿಕೋನ.

ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡಿದೆವು. ವಾರ ಬಿಟ್ಟು ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದ ಯಜಮಾನಿ ಬೋರ್ಡ್ ಮುಂದೆ ನಿಂತು, "ಎಲ್ಲಾ ನನ್ನ ತಲೆಯಲ್ಲಿತ್ತು, ತಲೆ ಮನೆಯಲ್ಲಿ ಮಲಗಿತ್ತು" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಕಂಪ್ಯೂಟರ್ ಕೆಲಸದವಳಲ್ವಾ?"

ಅವರಿಗೆ ಇನ್ನೊಂದು ಹಳೇ ಗಾಯವೂ ಇತ್ತು. 2019ರ ಫೆಬ್ರವರಿಯಲ್ಲಿ ಇಲ್ಲಿ ಕುದುರೆ ಜ್ವರ ಹಬ್ಬಿತ್ತು, ಈಕ್ವೈನ್ ಫ್ಲೂ. ಲಸಿಕೆ ಹಾಕಿಸಿಕೊಂಡ ಕುದುರೆಗಳಿಗೂ ಬಂತು ಅಂತ ಬ್ರಿಟನ್ನಿನ ರೇಸುಗಳನ್ನೇ ಆರು ದಿನ ನಿಲ್ಲಿಸಿದ್ದರು. ಆಗ ಯಾವ ಕುದುರೆಗೆ ಕೊನೆಯ ಲಸಿಕೆ ಯಾವಾಗ ಅಂತ ಎಲ್ಲಾ ಯಾರ್ಡುಗಳಲ್ಲೂ ಹುಡುಕಾಟ. ಲಸಿಕೆ ತಾರೀಕು ಇರುವುದು ಕುದುರೆಯ ಪಾಸ್‌ಪೋರ್ಟಿನಲ್ಲಿ. ಹೌದು, ಇಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್ ಇರಬೇಕು, ಕತ್ತೆಗೂ ಇರಬೇಕು. ಯಜಮಾನಿ ಅಡುಗೆಮನೆ ಟೇಬಲ್ ಮೇಲೆ ಎಲ್ಲಾ ಪಾಸ್‌ಪೋರ್ಟ್ ಹರಡಿಕೊಂಡು, ವೆಟ್ ಡಾಕ್ಟರುಗಳ ಕೋಳಿಕಾಲು ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುತ್ತಾ ರಾತ್ರಿ ಕಳೆದಿದ್ದರು. ಮೂರು ಕುದುರೆಗಳ ಲಸಿಕೆ ತಾರೀಕು ದಾಟಿತ್ತು. ಸ್ಪರ್ಧೆಗೆ ಹೋಗುವ ಕುದುರೆಗೆ ಆಗ ಒಂದು ದಿನ ತಡವಾದರೂ ಮೊದಲ ಡೋಸಿನಿಂದ ಮತ್ತೆ ಶುರು ಮಾಡಬೇಕಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದ ಹಾಗಾಯಿತು ಅವರ ಕಥೆ.

ಸರಿ, ಆಪ್ ತಗೊಂಡೆವು. ಹೆಸರು ಹೇಳಲ್ಲ, ಇಂಥ ಆಪುಗಳು ಹೆಚ್ಚು ಕಡಿಮೆ ಒಂದೇ ಥರ. ತಿಂಗಳಿಗಿಷ್ಟು ಅಂತ ಚಂದಾ. ಪ್ರತಿ ಕುದುರೆಗೆ ಒಂದು ಪುಟ, ದಿನದ ಕೆಲಸದ ಪಟ್ಟಿ, ಲಾಳ, ಲಸಿಕೆ, ಜಂತುಹುಳು ಪರೀಕ್ಷೆಗೆ ನೆನಪಿನ ಗಂಟೆ, ತಿಂಗಳ ಕೊನೆಗೆ ಬಿಲ್.

ಮಾಹಿತಿ ತುಂಬುವ ಕೆಲಸ ನನಗೆ ಬಿತ್ತು. ಮೊದಲ ದಿನವೇ ಮುಗ್ಗರಿಸಿದೆ. ಪಾಸ್‌ಪೋರ್ಟಲ್ಲಿ ಕುದುರೆಯ ಗುರುತಿನ ಸಂಖ್ಯೆ ಇರುತ್ತದೆ, 15 ಅಂಕಿ. ಕತ್ತಿನ ಎಡಗಡೆ ಒಳಗೆ ಮೈಕ್ರೋಚಿಪ್ ಇರುತ್ತದೆ, 2020ರ ಅಕ್ಟೋಬರಿನಿಂದ ಇಂಗ್ಲೆಂಡಲ್ಲಿ ಎಲ್ಲಾ ಕುದುರೆಗೂ ಕಡ್ಡಾಯ. ಅದರ ಸಂಖ್ಯೆಯೂ 15 ಅಂಕಿ. ಪಾಸ್‌ಪೋರ್ಟ್ ಸಂಖ್ಯೆ ಬ್ರಿಟನ್ನಿನ ಕೋಡ್ ಆದ 826ರಿಂದ ಶುರುವಾಗುತ್ತದೆ, ಕೆಲವು ಚಿಪ್ಪುಗಳೂ 826ರಿಂದಲೇ ಶುರು. ನಾನು ಎಂಟು ಕುದುರೆಗಳಿಗೆ ಅದನ್ನು ಇದರಲ್ಲಿ, ಇದನ್ನು ಅದರಲ್ಲಿ ತುಂಬಿದ್ದೆ. ಸಾಲದ್ದಕ್ಕೆ ಎಕ್ಸೆಲ್ಲಿಗೆ ಹಾಕಿದ ತಕ್ಷಣ ಪಾಸ್‌ಪೋರ್ಟ್ ಸಂಖ್ಯೆಗಳೆಲ್ಲ 8.26ಇ+14 ಅಂತ ಒಂದೇ ಥರ ಆಗಿ ಕೂತವು. 23 ಕುದುರೆಗಳೂ ಒಂದೇ ತಾಯಿ ಮಕ್ಕಳು ಅನ್ನುವ ಹಾಗೆ. ಟೆಸ್ಟಿಂಗ್ ಮಾಡುವವಳ ಕೈಯಲ್ಲಿ ಇದು. ಯಾರಿಗೂ ಹೇಳಲಿಲ್ಲ, ರಾತ್ರಿ ಕೂತು ಸರಿಮಾಡಿದೆ. ಈಗ ಇಲ್ಲಿ ಹೇಳಿಬಿಟ್ಟೆ.

ಮಾಹಿತಿ ತುಂಬಿದ ಆ ಎರಡು ವಾರದಲ್ಲಿ ಯಜಮಾನಿಯ ತಲೆಯಿಂದ ಹೊರಗೆ ಬಂದ ವಿಷಯಗಳು ಒಂದಲ್ಲ ಎರಡಲ್ಲ. ಅವರು ಒಂದು ಕೈಯಲ್ಲಿ ಟೀ ಕಪ್ ಹಿಡಿದು ಹೇಳುತ್ತಿದ್ದರು, ನಾನು ಕುಟ್ಟುತ್ತಿದ್ದೆ. ಈ ಕಪ್ಪು ಕುದುರೆಗೆ ಲಾಳ ಹೊಡೆಯುವವರು ಬಂದಾಗ ಪಕ್ಕದ ಲಾಯದ ಕುದುರೆ ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ಒದೆಯುತ್ತೆ. ಆ ಕಂದು ಹೆಣ್ಣು ಕುದುರೆಯನ್ನು ಬೂದು ಕುದುರೆಯ ಜೊತೆ ಬಿಡಬೇಡ. ಇವನಿಗೆ ನೀರಿನ ಬಕೆಟ್ ಎರಡು ಇಡು, ಒಂದರಲ್ಲಿ ಕಾಲು ತೊಳೆಯುತ್ತಾನೆ. ಐನೂರು ಕೆಜಿ ತೂಗುವ ಕುದುರೆಗೆ ದಿನಕ್ಕೆ ಸುಮಾರು ಹತ್ತು ಕೆಜಿ ಒಣಹುಲ್ಲು ಅಂತ ಪುಸ್ತಕದ ಲೆಕ್ಕ ಇದೆ, ಆಪಲ್ಲೂ ಇದೆ. ಅವರ ಲೆಕ್ಕ ಬೇರೆ. "ಇವಳು ಬೆಳಿಗ್ಗೆ ಬಲೆಯಲ್ಲಿ ಹಿಡಿಯಷ್ಟು ಹುಲ್ಲು ಬಿಟ್ಟಿದ್ದರೆ ಹುಷಾರಾಗಿದ್ದಾಳೆ. ಪೂರ್ತಿ ಖಾಲಿ ಮಾಡಿದ್ದರೆ ಚಳಿ ಆಗಿದೆ. ಅರ್ಧ ಬಿಟ್ಟಿದ್ದರೆ ನನಗೆ ಫೋನ್ ಮಾಡು."

ಇದನ್ನು ಯಾವ ಕಾಲಮ್ಮಿಗೆ ಹಾಕಲಿ? ಎಲ್ಲಾ 'ಟಿಪ್ಪಣಿ' ಅನ್ನುವ ಖಾಲಿ ಡಬ್ಬಿಗೆ ತುರುಕಿದೆ.

ಇನ್ನು ದುಡ್ಡಿನ ವಿಷಯ. ಇಲ್ಲಿ ಚಳಿಗಾಲದಲ್ಲಿ ಕುದುರೆಗೆ ರಗ್ಗು ಹೊದಿಸುತ್ತಾರೆ. ಒಂದಲ್ಲ, ಹವಾಮಾನಕ್ಕೆ ತಕ್ಕಂತೆ ಒಳಗೆ ತುಂಬಿದ್ದರ ಲೆಕ್ಕದಲ್ಲಿ 100 ಗ್ರಾಂ, 200 ಗ್ರಾಂ, 300 ಗ್ರಾಂ ಅಂತ ಬೇರೆ ಬೇರೆ ದಪ್ಪದ್ದು. ಬೆಳಿಗ್ಗೆ ಒಂದು, ರಾತ್ರಿ ಒಂದು. ಗಿರಾಕಿಗಳು ಆಫೀಸಿನಿಂದ ಮೆಸೇಜ್ ಹಾಕುತ್ತಾರೆ: ಮಳೆ ಬರೋ ಹಾಗಿದೆ, ಸ್ವಲ್ಪ ರಗ್ಗು ಬದಲಾಯಿಸ್ತೀರಾ? ಸ್ವಲ್ಪ ಒಳಗೆ ಕಟ್ತೀರಾ? ಲಾಳದವರು ಬಂದಾಗ ಸ್ವಲ್ಪ ಹಿಡ್ಕೋತೀರಾ? ಈ 'ಸ್ವಲ್ಪ'ಗಳಿಗೆ ಎರಡು ಪೌಂಡ್, ಐದು ಪೌಂಡ್ ಅಂತ ರೇಟು ಇದೆ, ಗೋಡೆ ಮೇಲೆ ಅಂಟಿಸಿಯೂ ಇದೆ. ಯಜಮಾನಿ ಕೇಳುತ್ತಿರಲಿಲ್ಲ. ಮುಜುಗರ. ಹತ್ತು ವರ್ಷದಿಂದ ಬರುವವರನ್ನು ಎರಡು ಪೌಂಡ್ ಕೇಳುವುದು ಹೇಗೆ ಅಂತ. ಆಪ್ ಬಂದ ಮೇಲೆ ಹುಡುಗಿ ರಗ್ಗು ಬದಲಾಯಿಸಿ ಟಿಕ್ ಹಾಕುತ್ತಾಳೆ, ಅದು ತಾನಾಗಿಯೇ ಬಿಲ್ಲಿಗೆ ಹೋಗಿ ಕೂರುತ್ತದೆ. ಆಪಿಗೆ ಮುಜುಗರ ಇಲ್ಲ.

ಮೊದಲ ತಿಂಗಳ ಬಿಲ್ ಹೋದ ದಿನ ಯಾರ್ಡಲ್ಲಿ ಮಾತೇ ಇಲ್ಲ. ಒಬ್ಬರಿಗೆ ಬರೀ ರಗ್ಗಿನದೇ ನಲವತ್ತೆರಡು ಪೌಂಡ್. ಅವರು ಮೂರು ದಿನ ಮುಖ ತಿರುಗಿಸಿಕೊಂಡು ಓಡಾಡಿದರು, ನಾಲ್ಕನೇ ದಿನ ಬೇಗ ಎದ್ದು ಬಂದು ತಾವೇ ರಗ್ಗು ಬದಲಾಯಿಸಿದರು. ಇನ್ನೊಬ್ಬರು ಬಿಟ್ಟೇ ಹೋದರು. ಸೊನ್ನೆಯೊಳಗಿನ ಚುಕ್ಕೆಯ ಗುಟ್ಟು ಗೊತ್ತಾಗಿದ್ದೂ ಆಗಲೇ. ದುಡ್ಡು ಬಾಕಿ ಇಟ್ಟವರ ಗುರುತು ಅದು! ಇಷ್ಟು ವರ್ಷ ಎಲ್ಲರೆದುರೇ ಬರೆದಿದ್ದರು, ಯಾರಿಗೂ ನೋವಾಗದ ಹಾಗೆ.

ನನಗೆ ಊರಿನ ಹಾಲಿನ ಡೈರಿ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅಪ್ಪ ಹಾಲು ಹಾಕಲು ಹೋದರೆ ಕಾರ್ಯದರ್ಶಿ ಲ್ಯಾಕ್ಟೋಮೀಟರ್ ಅದ್ದಿ, ಕಾರ್ಡಲ್ಲಿ ಲೀಟರ್ ಬರೆದು ಕೊಡುತ್ತಿದ್ದ. ಆಮೇಲೆ ಮೆಷಿನ್ ಬಂತು. ಫ್ಯಾಟು, ಎಸ್‌ಎನ್‌ಎಫ್ ಎಲ್ಲಾ ಚೀಟಿಯಲ್ಲಿ ಪ್ರಿಂಟಾಗಿ ಕೈಗೆ. ಮೋಸ ಕಡಿಮೆಯಾಯಿತು, ಒಳ್ಳೇದೇ. ಆದರೆ ಕಾರ್ಯದರ್ಶಿ ಜೊತೆ "ಇವತ್ತು ಹಸು ಯಾಕೋ ಮೇವು ಬಿಟ್ಟಿದೆ ಕಣಪ್ಪ" ಅಂತ ಮಾತಾಡುತ್ತಾ ನಿಲ್ಲುವುದೂ ಕಡಿಮೆಯಾಯಿತು. ಚೀಟಿ ತಗೊಂಡು ಹೊರಡುವುದು. ನಮ್ಮ ಬೋರ್ಡ್ ಹೋದಾಗಲೂ ಹಾಗೇ ಆಯಿತು. ಮುಂಚೆ ಬೆಳಿಗ್ಗೆ ಏಳಕ್ಕೆ ನಾಲ್ಕು ಜನ ಅದರ ಮುಂದೆ ನಿಂತು ಓದುತ್ತಿದ್ದರು, ಓದುತ್ತಾ ಏನಾದರೂ ಅನ್ನುತ್ತಿದ್ದರು. ಈಗ ಅವರವರ ಫೋನು ಅವರವರ ಕೈಯಲ್ಲಿ.

ಇನ್ನೊಂದು ಪೀಡೆ, ದೂರದಿಂದ ನೋಡುವವರದು. ಬರ್ಮಿಂಗ್‌ಹ್ಯಾಮಿನ ಆಫೀಸಲ್ಲಿ ಕೂತ ಗಿರಾಕಿಗೆ ತನ್ನ ಕುದುರೆಯ ಪಟ್ಟಿ ಫೋನಲ್ಲೇ ಕಾಣುತ್ತದೆ. ಎಂಟಕ್ಕೆ ಬಯಲಿಗೆ ಬಿಡಬೇಕು, ಎಂಟೂಕಾಲಾದರೂ ಟಿಕ್ ಬಿದ್ದಿಲ್ಲ. ಮೆಸೇಜ್. ಹುಡುಗಿ ಪಾಪ, ಒಂದು ಕೈಯಲ್ಲಿ ಎರಡು ಕುದುರೆ, ಇನ್ನೊಂದು ಕೈಯಲ್ಲಿ ಫೋನ್. ಆಮೇಲೆ ಅವಳು ಒಂದು ಉಪಾಯ ಕಲಿತಳು. ಬೆಳಿಗ್ಗೆ ಬಂದ ತಕ್ಷಣ ಎಲ್ಲದಕ್ಕೂ ಟಿಕ್ ಹಾಕಿ, ಆಮೇಲೆ ನಿಧಾನಕ್ಕೆ ಕೆಲಸ ಮಾಡುವುದು. ನಾನು ಅವಳನ್ನು ಬೈಯುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ಬಿಸ್ಕೆಟ್ ವಿಷಯಕ್ಕೆ ಬರುತ್ತೇನೆ. ಮಗಳು ಹತ್ತುವ ಪೋನಿ ಅವನೇ. ಊರ ಕಡೆ ತಟ್ಟು ಅಂತೀವಲ್ಲ, ಆ ಥರ ಕುಳ್ಳ, ಗುಂಡು, ವಯಸ್ಸು ಇಪ್ಪತ್ತು ದಾಟಿದೆ. ಕುಶಿಂಗ್ಸ್ ಅಂತ ಕಾಯಿಲೆ, ಮುದಿ ಕುದುರೆಗಳಿಗೆ ಬರುತ್ತದೆ. ಬೇಸಿಗೆಯಲ್ಲೂ ಕೂದಲು ಉದುರದೆ ಕುರಿಯ ಹಾಗೆ ಸುರುಳಿ ಸುರುಳಿ ಬೆಳೆಯುತ್ತದೆ, ಲ್ಯಾಮಿನೈಟಿಸ್ ಸುಲಭವಾಗಿ ಬರುತ್ತದೆ. ಅದಕ್ಕೆ ಪೆರ್ಗೊಲೈಡ್ ಅಂತ ಮಾತ್ರೆ, ದಿನಕ್ಕೊಂದು, ಬದುಕಿರುವ ತನಕ. ತಿಳಿ ಗುಲಾಬಿ ಬಣ್ಣ. ಸೇಬಿನ ಹೋಳಿನಲ್ಲಿ ಸಣ್ಣ ತೂತು ಮಾಡಿ ಒಳಗೆ ಇಟ್ಟು ಕೊಡುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಹುಡುಗಿ ಮಾತ್ರೆ ಕೊಟ್ಟು ಟಿಕ್ ಹಾಕಿದಳು. ಲಾಯದ ಚಾವಣಿ ತಗಡಿನದು, ಒಳಗೆ ಸಿಗ್ನಲ್ ಬರಲ್ಲ. ಟಿಕ್ ಅವಳ ಫೋನಲ್ಲೇ ಉಳಿಯಿತು. ಒಂದು ಗಂಟೆ ಬಿಟ್ಟು ನಾವು ಹೋದಾಗ ನನ್ನ ಫೋನಲ್ಲಿ ಕೆಂಪು ಅಕ್ಷರ, ಬಿಸ್ಕೆಟ್ ಮಾತ್ರೆ ಬಾಕಿ. ಮಗಳು ಕೈಗವಸು ಹಾಕಿಕೊಂಡು ಇನ್ನೊಂದು ಕೊಟ್ಟಳು, ನಾನು ಟಿಕ್ ಹಾಕಿದೆ. ಮಧ್ಯಾಹ್ನ ಹುಡುಗಿಯ ಫೋನಿಗೆ ಸಿಗ್ನಲ್ ಸಿಕ್ಕಿ ಎರಡು ಟಿಕ್ಕೂ ಒಟ್ಟಿಗೆ ಕಾಣಿಸಿದವು. ಎದೆ ಧಸಕ್ ಅಂತು. ವೆಟ್‌ಗೆ ಫೋನ್ ಮಾಡಿದರೆ, ಒಂದು ದಿನ ಒಂದು ಮಾತ್ರೆ ಜಾಸ್ತಿಯಾದರೆ ಗಾಬರಿ ಬೇಡ, ಮಂಕಾಗಿದ್ದಾನಾ, ಮೇವು ಬಿಟ್ಟಿದ್ದಾನಾ ನೋಡಿಕೊಳ್ಳಿ ಅಂದರು.

ನೋಡಿಕೊಳ್ಳಲು ಅವನ ಲಾಯದೊಳಗೇ ಕೂತೆ. ಮೊದಲ ಸಲ ಅಷ್ಟು ಹೊತ್ತು ಒಂದು ಕುದುರೆಯ ಜೊತೆ ಒಬ್ಬಳೇ. ಅವನು ಮಂಕೂ ಆಗಿರಲಿಲ್ಲ, ಮೇವೂ ಬಿಟ್ಟಿರಲಿಲ್ಲ, ನನ್ನ ಜೇಬಿಗೆ ಮೂತಿ ಹಾಕುತ್ತಿದ್ದ. ಸುಮ್ನೆ ಕೂತು ಬೇಜಾರಾಗಿ ಕೆಳಗೆ ಹಾಸಿದ್ದ ಮರದ ಹೊಟ್ಟನ್ನು ಕಾಲಲ್ಲಿ ಕೆದಕಿದೆ. ಮೂಲೆಯಲ್ಲಿ ಏನೋ ಗುಲಾಬಿ. ಜೊಲ್ಲಿಗೆ ಅರ್ಧ ಕರಗಿ ಹೊಟ್ಟು ಮೆತ್ತಿಕೊಂಡ ಮಾತ್ರೆ. ಇನ್ನಷ್ಟು ಕೆದಕಿದೆ, ಇನ್ನೊಂದು. ಸೇಬು ತಿಂದು ಮಾತ್ರೆ ಉಗಿದಿದ್ದ, ಎರಡು ಸಲವೂ. ಆಪ್ ಪ್ರಕಾರ ಎರಡು. ಬಿಸ್ಕೆಟ್ ಪ್ರಕಾರ ಸೊನ್ನೆ.

ನಗು ಬಂತು, ಆಮೇಲೆ ನಗು ನಿಂತಿತು. ಹಿಂದಿನ ತಿಂಗಳು ಅವನ ರಕ್ತ ಪರೀಕ್ಷೆಯಲ್ಲಿ ಹಾರ್ಮೋನ್ ಜಾಸ್ತಿ ಬಂದಿತ್ತು. ಮಾತ್ರೆ ಸರಿಯಾಗಿ ಹೋಗುತ್ತಿದೆಯಾ ಅಂತ ವೆಟ್ ಕೇಳಿದ್ದಕ್ಕೆ ನಾನೇ ಹೆಮ್ಮೆಯಿಂದ ಆಪ್ ತೆಗೆದು ತೋರಿಸಿದ್ದೆ. ಎರಡು ತಿಂಗಳು, ಒಂದು ದಿನವೂ ತಪ್ಪದ ಹಸಿರು ಟಿಕ್. ಹಾಗಾದರೆ ಡೋಸ್ ಸಾಲುತ್ತಿಲ್ಲ, ಮುಂದಿನ ಸಲ ನೋಡಿ ಜಾಸ್ತಿ ಮಾಡೋಣ ಅಂದಿದ್ದರು. ಹಳೇ ಕೊಳಕು ಬೋರ್ಡ್ ತೋರಿಸಿದ್ದರೆ ಅವರು ನಂಬುತ್ತಿರಲಿಲ್ಲ, ಇನ್ನೆರಡು ಪ್ರಶ್ನೆ ಕೇಳುತ್ತಿದ್ದರು ಅನ್ನಿಸುತ್ತದೆ. ಹಸಿರು ಟಿಕ್ ನೋಡಿದರೆ ಯಾರಿಗೂ ಪ್ರಶ್ನೆ ಹುಟ್ಟಲ್ಲ.

ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಬಟನ್ ಒತ್ತಿದ್ದಕ್ಕೂ ಕೆಲಸ ಆಗಿದ್ದಕ್ಕೂ ವ್ಯತ್ಯಾಸ ಇದೆ ಅಂತ ಹೊಸ ಹುಡುಗರಿಗೆ ಪಾಠ ಮಾಡುತ್ತೇನೆ. ಇಲ್ಲಿ 'ಕೊಟ್ಟೆ' ಅನ್ನುವುದಕ್ಕೆ ಡಬ್ಬಿ ಇದೆ, 'ತಿಂದ' ಅನ್ನುವುದಕ್ಕೆ ಇಲ್ಲ ಅಂತ ಹೊಳೆಯಲೇ ಇಲ್ಲ. ಆಪಿನವರಿಗೆ ಬರೆದೆ. ಸಲಹೆಗೆ ಧನ್ಯವಾದ, ತಂಡಕ್ಕೆ ತಿಳಿಸಿದ್ದೇವೆ ಅಂತ ಉತ್ತರ ಬಂತು. ಇಂಥ ಉತ್ತರ ನಾನೂ ಬೇಕಾದಷ್ಟು ಬರೆದಿದ್ದೇನೆ, ಅದರ ಅರ್ಥ ಗೊತ್ತು. ಹಾಗಾಗಿ ಆಪಿನ ಪಟ್ಟಿಯಲ್ಲಿ ಮಾತ್ರೆಯ ಒಂದು ಕೆಲಸವನ್ನು ನಾವೇ ಎರಡು ಮಾಡಿಕೊಂಡೆವು. ಒಂದು, ಮಾತ್ರೆ ಕೊಟ್ಟೆ. ಹತ್ತು ನಿಮಿಷ ಬಿಟ್ಟು ಇನ್ನೊಂದು, ಬಕೆಟ್ ಮತ್ತು ನೆಲ ನೋಡಿದೆ. ಜೊತೆಗೆ ಬೋರ್ಡನ್ನು ಅಟ್ಟದಿಂದ ಇಳಿಸಿ ಒರೆಸಿ ಹಳೇ ಜಾಗದಲ್ಲೇ ನೇತುಹಾಕಿದೆವು. ಅದರಲ್ಲಿ ಔಷಧಿ ಮಾತ್ರ, ಸಿಗ್ನಲ್ ಬೇಡದ ಸೀಮೆಸುಣ್ಣದ ಕಾಲದ ಬುದ್ಧಿ. ಗಿರಾಕಿಗಳಿಗೆ ಟಿಕ್ ಕಾಣಿಸುವುದನ್ನು ಯಜಮಾನಿ ನಿಲ್ಲಿಸಿಬಿಟ್ಟರು. ಸಂಜೆ ಒಂದು ಸಾಲು ಮಾತ್ರ ಹೋಗುತ್ತದೆ. ಇಬ್ಬರು ಗೊಣಗಿದರು.

ಇಷ್ಟಾದರೂ ಆಪ್ ಬೇಡ ಅಂತ ನಾನು ಹೇಳಲ್ಲ, ಆ ಟಿಪ್ಪಣಿ ಡಬ್ಬಿಯ ಕಾರಣಕ್ಕೆ. ಮಣಿಕಟ್ಟು ವಾಸಿಯಾದ ಮೇಲೂ ಯಜಮಾನಿ ಅದರಲ್ಲಿ ಬರೆಯುವುದು ಬಿಡಲಿಲ್ಲ. ಒಂದು ಬೆರಳಲ್ಲಿ, ತಪ್ಪು ತಪ್ಪು ಸ್ಪೆಲ್ಲಿಂಗಿನಲ್ಲಿ. ಒಂದು ಸಂಜೆ ಕಂದು ಹೆಣ್ಣು ಕುದುರೆಯ ಪುಟದಲ್ಲಿ ಬರೆದು ಮನೆಗೆ ಹೋಗಿದ್ದರು: 'ಇವತ್ತು ಬಾಗಿಲ ಕಡೆ ಮುಖ ಮಾಡಿಲ್ಲ. ಗೋಡೆ ನೋಡ್ತಿದ್ದಾಳೆ. ಬಲೆಯಲ್ಲಿ ಅರ್ಧ ಹುಲ್ಲು.' ರಾತ್ರಿ ಒಂಬತ್ತಕ್ಕೆ ಒಂದು ಸುತ್ತು ಹಾಕಲು ಬಂದ ಹುಡುಗಿ ಅದನ್ನು ಓದಿ, ಬಾಗಿಲಲ್ಲೇ ಇಣುಕಿ ಹೋಗುವ ಬದಲು ಒಳಗೆ ಹೋದಳು. ಬೆವರು, ಮತ್ತೆ ಮತ್ತೆ ಹೊಟ್ಟೆ ಕಡೆ ತಿರುಗಿ ನೋಡುವುದು, ಲದ್ದಿ ಹಾಕಿಲ್ಲ. ಕೋಲಿಕ್. ಕುದುರೆಗೆ ವಾಂತಿ ಮಾಡಲು ಬರಲ್ಲ, ಹೊಟ್ಟೆನೋವು ಅಂದರೆ ಪ್ರಾಣಕ್ಕೇ ಬರಬಹುದು. ಹತ್ತಕ್ಕೆ ವೆಟ್ ಬಂದರು, ಬೆಳಗಿನ ಜಾವಕ್ಕೆ ಲದ್ದಿ ಹಾಕಿದಳು. ಇಡೀ ಯಾರ್ಡಿನ ವಾಟ್ಸಾಪ್ ಗುಂಪಲ್ಲಿ ಲದ್ದಿಯ ಫೋಟೋಗೆ ಹೃದಯದ ಚಿತ್ರಗಳು. ನಲವತ್ತು ವರ್ಷ ಕುದುರೆ ನೋಡಿದ ಯಜಮಾನಿಯ ಕಣ್ಣು ಮನೆಗೆ ಹೋಗಿ ಟೀವಿ ಮುಂದೆ ಕೂತಿತ್ತು, ಅದು ಕಂಡದ್ದು ಮಾತ್ರ ಹುಡುಗಿಯ ಫೋನಿಗೆ ಬಂದಿತ್ತು.

ಬಿಸ್ಕೆಟ್‌ಗೆ ಡೋಸ್ ಜಾಸ್ತಿ ಮಾಡಲಿಲ್ಲ. ಮಾತ್ರೆ ಹೊಟ್ಟೆಗೆ ಹೋಗತೊಡಗಿದ ಮೇಲೆ ರಕ್ತ ಪರೀಕ್ಷೆ ಸರಿಬಂತು. ಹೋಗುವುದು ಮಾತ್ರ ಸುಲಭವಿಲ್ಲ. ಅಮ್ಮನಿಗೆ ಹೇಳಿದರೆ, "ಹಸುಗೆ ಹೆಂಗೆ ಕೊಡ್ತಿದ್ವಿ, ಮರ್ತೋಯ್ತಾ? ಬಾಳೆಹಣ್ಣಲ್ಲಿ ಇಟ್ಟು ಕೊಡೇ" ಅಂದರು. ಸಕ್ಕರೆ ಜಾಸ್ತಿ ಆಗಬಾರದು, ಸಣ್ಣ ತುಂಡಾದರೆ ಪರವಾಗಿಲ್ಲ ಅಂತ ವೆಟ್ ಒಪ್ಪಿದರು. ಮೊನ್ನೆ ಶನಿವಾರದ ಟಿಪ್ಪಣಿ ನೋಡಿದೆ, ಹುಡುಗಿ ಬರೆದಿದ್ದಳು:

'7.40 ಸೇಬಲ್ಲಿ ಕೊಟ್ಟೆ. ಉಗಿದ. 7.45 ಅದನ್ನೇ ತೊಳೆದು ಕ್ಯಾರೆಟ್ಟಲ್ಲಿ ಕೊಟ್ಟೆ. ಉಗಿದ. 7.55 ಬಾಳೆಹಣ್ಣು. ತಿಂದ. ಬಾಯಿ ತೆಗೆಸಿ ನೋಡಿದೆ, ನೆಲ ನೋಡಿದೆ, ಬಕೆಟ್ ನೋಡಿದೆ. ಉಳಿದ ಬಾಳೆಹಣ್ಣು ನಾನು ತಿಂದೆ. ಯಾರಾದರೂ ತನ್ನಿ.'